ಸೀಳದ ಹಾಳೆಗಳ ವಿಮರ್ಶೆ

ನನ್ನ ಗಂಡ ಟ್ರೌಗೊಟ್ ವಿಮರ್ಶಕರು. ಲೈಪ್ಜಿಗ್‌ನಲ್ಲಿ ಯಾವ ಕಾದಂಬರಿ ಬಾಳಬೇಕು, ಯಾವುದು ಸಾಯಬೇಕು ಎಂದು ಗುರುವಾರದ ಪತ್ರಿಕೆಯಲ್ಲಿ ತೀರ್ಪು ಕೊಡುವವರು ಇವರೇ. ಸ್ವಂತದ್ದೂ ನಾಲ್ಕು ದುರಂತ ನಾಟಕಗಳಿವೆ. ದುರಂತ ಅನುಭವಿಸಿದ್ದು ಮಾತ್ರ ನೋಡಲು ಬಂದವರು.

ಹೆಂಗಸರು ಬರೆದದ್ದೆಂದರೆ ಇವರಿಗಾಗದು. ಹಾಗಾಗಿ ನಾನು ಗಂಡಸಿನ ಹೆಸರಿಟ್ಟುಕೊಂಡು, ಎಲೆಕೋಸು ಬೇಯುವ ಹೊತ್ತಿನಲ್ಲಿ ಕದ್ದುಮುಚ್ಚಿ ಒಂದು ಕಾದಂಬರಿ ಬರೆದೆ. ಅದರ ನಾಯಕನೂ ವಿಮರ್ಶಕ. ಹೆರಿಂಗ್ ಮೀನು ತಿಂದು ಗಡ್ಡ ಒರೆಸಿಕೊಳ್ಳದೆ ಸೌಂದರ್ಯದ ಬಗ್ಗೆ ಭಾಷಣ ಬಿಗಿಯುತ್ತಾನೆ. ಮೂರನೇ ಅಧ್ಯಾಯ ಓದಿದರೆ ಸಾಕು, ಆ ಪೆದ್ದ ಯಾರು, ಬರೆದವಳು ಯಾರು, ಎರಡೂ ಇವರಿಗೆ ತಿಳಿದುಹೋಗುತ್ತಿತ್ತು. ತಿಳಿದರೆ ನನ್ನ ಮುಂದಿನ ಬರಹವೆಲ್ಲ ಒಲೆಗೆ.

ಆ ಪುಸ್ತಕ ವಿಮರ್ಶೆಗೆಂದು ನಮ್ಮ ಮನೆಗೇ ಬಂತು. ವಾರವಿಡೀ ಇವರ ಕೋಣೆಯ ಬಾಗಿಲಿಗೆ ಕಿವಿಗೊಟ್ಟೇ ಮನೆಗೆಲಸ ಮಾಡಿದೆ.

ಗುರುವಾರ ಪತ್ರಿಕೆ ಬಿಡಿಸಿದೆ. "ಇದು ಗಂಡೆದೆಯ ಬರವಣಿಗೆ. ನಾಯಕನ ಉದಾತ್ತ ನಡತೆ ನಮ್ಮ ಯುವಕರಿಗೆ ಮಾದರಿ" ಎಂದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರು ಕಳ್ಳನಿಗೆ ಹಾರ ಹಾಕಿ ಕೂತಿದ್ದರು. ಬದುಕಿದೆ ಎಂದುಕೊಂಡೆ. ಸುಳ್ಳೇಕೆ, ಹೊಗಳಿಕೆಗೆ ಹಿಗ್ಗಿಯೂ ಹೋದೆ.

ಆಮೇಲೆ ಧೂಳು ಒರೆಸಲು ಇವರ ಮೇಜಿನ ಬಳಿ ಹೋದೆ. ಹೊಸ ಪುಸ್ತಕದ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಬರುತ್ತವೆ, ಓದುವವರೇ ಚಾಕುವಿನಿಂದ ಸೀಳಿಕೊಳ್ಳಬೇಕು. ನನ್ನ ಪುಸ್ತಕದಲ್ಲಿ ಮುನ್ನುಡಿ ದಾಟಿದ ಮೇಲೆ ಒಂದು ಹಾಳೆಯೂ ಸೀಳಿರಲಿಲ್ಲ.

ಎರಡು ವರ್ಷ ಬರೆದದ್ದು ಅದು. ಬೈದಿದ್ದರೂ ನನ್ನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಚಾಕು ತಂದು ಕೊನೆಯ ಪುಟದವರೆಗೂ ಸೀಳಿದೆ. ಮರುದಿನ ಬೆಳಿಗ್ಗೆ ಪುಸ್ತಕವನ್ನು ಇವರ ಕಾಫಿ ಬಟ್ಟಲಿನ ಪಕ್ಕ ಇಟ್ಟೆ.

"ಏನೇ ಇದು, ಅಮಾಲಿಯೆ? ಎಲ್ಲಾ ಸೀಳಿಬಿಟ್ಟಿದೀಯಲ್ಲ. ಹೊಸದರ ಬೆಲೆಗೆ ಕೊಳ್ತಿದ್ದ ಹಳೇ ಪುಸ್ತಕದ ಅಂಗಡಿಯೋನು ಇನ್ನು ಮುಟ್ಟೋದೂ ಇಲ್ಲ."

"ನೀವಾದ್ರೂ ಮುಟ್ಟಲಿ ಅಂತ ಸೀಳಿದೆ. ಓದಿ."

"ವಿಮರ್ಶೆ ಬರೆದಾಯ್ತಲ್ಲ. ಇನ್ನೆಂಥ ಓದು?"

"ಇದರಲ್ಲಿ ನೀವಿದೀರಿ ಕಣ್ರೀ."

ಇವರ ಮುಖ ಊರಗಲವಾಯಿತು. ಬ್ರೆಡ್ಡು ಕೆಳಗಿಟ್ಟು ಕನ್ನಡಕ ಏರಿಸಿಕೊಂಡರು.

"ಹೌದಾ? ಎಷ್ಟನೇ ಪುಟ?"

"ಮೂರನೇ ಅಧ್ಯಾಯದಿಂದ ಕೊನೇವರೆಗೂ ನೀವೇ."

"ಹಾಗಾದ್ರೆ ಬರೆದೋನು ನನ್ನನ್ನ ಚೆನ್ನಾಗಿ ಬಲ್ಲೋನೇ ಇರ್ಬೇಕು."

"ಚೆನ್ನಾಗೇ ಬಲ್ಲಳು. ಹತ್ತೊಂಬತ್ತು ವರ್ಷದಿಂದ ನಿಮಗೆ ಕಾಫಿ ಮಾಡ್ಕೊಡ್ತಿದಾಳೆ" ಎಂದೆ. ಬಟ್ಟಲನ್ನು ನನ್ನ ಕಡೆ ಎಳೆದುಕೊಂಡು, ಆರುವ ಮೊದಲು ನಾನೇ ಕುಡಿದೆ.