ಬೋರಲು ಹಾಕಿದ ಲೋಟ

ಇನ್ನೊಂದು ಸಲ ಹೀಗೆ ನೀರು ಬಂದರೆ ನಿನ್ನ ಮಡಿ ನೀರು ನಾನೇ ಕೈಯಾರೆ ಹಿಡಿದಿಡುತ್ತೇನಮ್ಮಾ, ಎಂದು ಎರಡು ಸಾವಿರದ ಹದಿನೈದರ ಚೆನ್ನೈ ಪ್ರವಾಹ ಇಳಿದ ಮೇಲೆ ಆಸ್ಪತ್ರೆಯ ಮಂಚದ ಪಕ್ಕ ನಿಂತು ಅಂದದ್ದು ಪಂಢರಿನಾಥನಿಗೆ ಈಗ ನಲ್ಲಿ ಉಸ್ಸೆಂದು ಬರೀ ಗಾಳಿ ಉಗುಳಿದಾಗ ನೆನಪಾಗುತ್ತದೆ — ಗಿಂಡಿ ಸ್ಟೇಷನ್ನಿನಿಂದ ರೈಲಿನಲ್ಲಿ ನಿಂತೇ ಬಂದವನು, ಸೊಂಟ ಬಿದ್ದುಹೋಗಿದೆ, ಬೆಳಗಾಗುವುದರೊಳಗೆ ಚಂಡಮಾರುತವಂತೆ, ಬರಲಿ, ಚೀಲ ತುಂಬಿಯಾಗಿದೆ, ಟಾರ್ಚು, ಸೆಲ್ಲು, ಮೇಣದಬತ್ತಿ, ಅಮ್ಮನ ಮಾತ್ರೆ ಹತ್ತು ದಿನದ್ದು, ಆಧಾರ್ ಕಾರ್ಡುಗಳು ಎರಡೆರಡು ಕವರಿನೊಳಗೆ, ಅವಲಕ್ಕಿ, ಬೆಲ್ಲ, ಉಳಿದದ್ದು ನೀರೊಂದೇ — ಆ ಸಲ ದೋಣಿಯವರು ಕೊಟ್ಟ ಬಾಟಲಿಯನ್ನು ಅಮ್ಮ ಮುಟ್ಟಲಿಲ್ಲ, ಯಾರು ಮುಟ್ಟಿದ್ದೋ ಏನೋ, ತಾಮ್ರದ ಲೋಟ ಬೋರಲು ಹಾಕಿ ಗೋಡೆಗೆ ಒರಗಿಬಿಟ್ಟಳು, ಎರಡು ದಿನ, ಕೆಳಗೆ ಬೀದಿಯಲ್ಲಿ ಎದೆಮಟ್ಟ ನೀರು, ಮೇಲೆ ಬೋರಲು ಲೋಟ, ಇನ್ನೊಂದು ಸಲ ಹೀಗಾದರೆ ಕಿಡ್ನಿ ತಾಳುವುದಿಲ್ಲ ಸಾರ್ ಅಂದಿದ್ದರು ಡಾಕ್ಟರು — ಸ್ನಾನ ಮಾಡಿ, ಮಡಿಯುಟ್ಟು ಹಿಡಿಯೋಣವೆಂದರೆ ಐದಕ್ಕೇ ಕರೆಂಟು ತೆಗೆದರಂತೆ, ಮೋಟಾರಿಲ್ಲ, ಟ್ಯಾಂಕು ಒಣಗಿದೆ, ಮೈಮೇಲೆ ಸುರಿದುಕೊಳ್ಳಲು ಒಂದು ಚೊಂಬೂ ಇಲ್ಲ.

ಆದರೆ ಕೊಡ ತುಂಬಿದೆ. ಹಿತ್ತಾಳೆ ಕೊಡ, ಬಾಯಿಗೆ ಬಿಳಿ ಬಟ್ಟೆ, ಥೇಟ್ ಅಮ್ಮ ಕಟ್ಟುವ ಹಾಗೆ, ಯಾರು ಕಟ್ಟಿದ್ದು — ನಾನ್‌ದಾನ್ ಅಪ್ಪಾ ರೊಪ್ಪಿನೇನ್, ಪಾಟ್ಟಿಕ್ಕು, ಅನ್ನುತ್ತಾಳೆ ಮಾನ್ಯಾ, ಅಜ್ಜಿಗೆಂದು ತಾನೇ ತುಂಬಿದ ಹೆಮ್ಮೆ, ಕನ್ನಡದಲ್ಲಿ ಕೇಳಿದರೂ ಮಗಳ ಉತ್ತರ ತಮಿಳಿನಲ್ಲೇ, ಸ್ಕೂಲಿನಿಂದ ಬಂದವಳು ಯೂನಿಫಾರಮ್ಮೂ ಬಿಚ್ಚಿಲ್ಲ, ಶೂಗಳ ಕೆಸರು ಕೊಡದ ಬುಡದ ತನಕ, ಹನ್ನೊಂದು ವರ್ಷ, ಬೈಯುವುದಕ್ಕೆ ಬಾಯಿ ಬರುವುದಿಲ್ಲ, ಬೈಯಲು ತ್ರಾಣವೂ ಇಲ್ಲ — ಒರೆಸಮ್ಮ ಬೇಗ, ಪಾಟ್ಟಿಗೆ ಹೇಳಬೇಡ, ಯಾಕೆ ಅಂತ ಕೇಳಬೇಡ.

ದೇವರ ಮನೆಯ ಬಾಗಿಲಲ್ಲಿ ಅಮ್ಮ ಜಾನಕಮ್ಮ, ಪಕ್ಕದಲ್ಲಿ ಲೋಟ, ಬೋರಲು, ಈಗಲೇ ಬೋರಲು. ಪಂಢರೀ, ನೀರು ಯಾರು ಹಿಡಿದದ್ದೋ. ನಾನೇ ಅಮ್ಮಾ. ಸ್ನಾನ ಆಯ್ತೇನೋ. ಆಯ್ತು. ಅಮ್ಮ ಅವನ ತಲೆ ನೋಡುತ್ತಾಳೆ, ಒಣಗಿದ ತಲೆ, ರೈಲಿನ ಧೂಳು ಕೂತ ತಲೆ, ಆಮೇಲೆ ಅವನ ಬೆನ್ನ ಹಿಂದೆ ಒದ್ದೆ ಬಟ್ಟೆ ಹಿಡಿದು ನಿಂತ ಮಾನ್ಯಾಳನ್ನು, ನೋಡುತ್ತಲೇ ಇದ್ದಾಳೆ, ಹೊರಗೆ ಗಾಳಿ ಯಾರದೋ ತಗಡನ್ನು ಬಡಿಯುತ್ತಿದೆ, ಅಮ್ಮನ ಕೈ ಲೋಟದ ಮೇಲೆ, ಲೋಟ ಬೋರಲು, ಕೈ ಅದರ ಮೇಲೆ, ಲೋಟ —

ಲೋಟ ನೆಟ್ಟಗಾಯಿತು. ಹಾಕೋ, ಅಂದಳು. ಕುಡಿದಳು.

ಅವನು ಕೊಟ್ಟ ಮಾತು ಮುರಿದಿತ್ತು.