ಗಿರಣಿ ಸಾಹುಕಾರನ ಬೀಸುಕಲ್ಲುಗಳು

ಕುಲಗೋಡದ ಫಕೀರವ್ವನ ಬೀಸುಕಲ್ಲು ಹಿತ್ತಲಲ್ಲಿ ಬಿದ್ದು ಮೂವತ್ತು ವರ್ಷವಾಗಿತ್ತು. ಅದನ್ನು ಕೇಳಿಕೊಂಡು ಗೋಕಾಕದಿಂದ ಒಬ್ಬ ಸಾಹುಕಾರ ಬಂದಿದ್ದಾನೆ ಅಂದಾಗ ಅವಳಿಗೆ ನಗುವೇ ಬಂತು.

ಬಂದವನು ಸೋಮಲಿಂಗ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಹಿಟ್ಟಿನ ಗಿರಣಿ ಮಾರಿ ದೊಡ್ಡವನಾದ ಮನುಷ್ಯ. ಕುಲಗೋಡದ ಮೊದಲ ಗಿರಣಿಯೂ ಅವನ ಅಂಗಡಿಯದೇ. ಅರವತ್ತು ದಾಟಿದ ಮೇಲೆ ವ್ಯಾಪಾರವನ್ನು ಮಗಳು ಪದ್ಮಶ್ರೀಗೆ ಒಪ್ಪಿಸಿ, ಊರೂರು ತಿರುಗಿ ಬೀಸುಕಲ್ಲು ಕೂಡಿಸಲು ಹತ್ತಿದ್ದ.

"ಒಯ್ರಿ, ಯಾರ ಬ್ಯಾಡಂತಾರ?" ಅಂದಳು ಫಕೀರವ್ವ.

"ಕಲ್ಲ ಒಂದ ಸಾಲೂದಿಲ್ರಿ ಅಕ್ಕಾರ. ಬೀಸುಮುಂದ ಹಾಡತಿದ್ರೆಲ್ಲಾ, ಆ ಹಾಡೂ ಬೇಕು."

"ಗಿರಣಿ ಬಂದ ಮ್ಯಾಲ ಯಾರ ಹಾಡ್ಯಾರ್ರಿ? ಎಲ್ಲಾ ಮರತ ಹೋದ್ವು."

ಸೋಮಲಿಂಗ ನೆಲ ನೋಡಿದ. "ನಮ್ಮವ್ವ ಹುಕ್ಕೇರಿ ಕಡೆ ದಡ್ಡಿ ಅನ್ನೂ ಊರಾಕಿ. ಬೀಸುಮುಂದ ಆಕಿ ತೊಡಿ ಮ್ಯಾಲ ಮಲಗತಿದ್ದೆ. ಏನ ಹಾಡತಿದ್ಲು, ಒಂದ ಸಾಲೂ ನೆನಪಿಲ್ಲ. ಮನಿಗೆ ಗಿರಣಿ ತಂದಾಂವ ನಾನ. ಆಕಿ ಹಾಡೂದ ಬಿಟ್ಲು."

"ಖುಷೀಲೆ ಬಿಟ್ಟಿರತಾಳ ತಗೋರಿ. ರಟ್ಟಿ ಉಳದ್ವು ಅಂತ ನಾನೂ ಕುಣದಿದ್ದೆ," ಅಂದಳು ಫಕೀರವ್ವ. ಖರೆ ಮಾತೇ ಅದು.

ಬೀಸಿದವರ ಹೆಸರು ಬರೆದುಕೊಂಡು ಅವನು ಕಲ್ಲು ಒಯ್ದ. ತಿಂಗಳ ಮೇಲೆ ಅವನ ಕರೆ ಬಂತು. ಸೊಸೆ ಸಪ್ನಾಳ ಜೊತೆ ಫಕೀರವ್ವ ಬಸ್ಸು ಹತ್ತಿ ಗೋಕಾಕಕ್ಕೆ ಹೋದಳು. ಗಿರಣಿ ಇಡುತ್ತಿದ್ದ ಹಳೆಯ ಗೋದಾಮು. ಬಾಗಿಲು ದಾಟಿದವಳು ಅಲ್ಲೇ ನಿಂತುಬಿಟ್ಟಳು. ಕಣ್ಣು ಹರಿದಷ್ಟು ದೂರ ಬೀಸುಕಲ್ಲು. ಕರಿಯವು, ಕೆಂಪು ಛಾಯೆಯವು, ತಿರುವಿ ತಿರುವಿ ಒಂದೇ ಮಗ್ಗುಲಿಗೆ ಸವೆದವು. ಸಾವಿರದ ಮೇಲಿದ್ದವು. ಎಷ್ಟು ಹೆಂಗಸರ ಕೈ ಇದ್ದೀತು ಇಲ್ಲಿ! ಫಕೀರವ್ವ ತನಗರಿಯದೆ ಚಪ್ಪಲಿ ಬಿಟ್ಟಳು.

ಪ್ರತಿ ಕಲ್ಲಿನ ಮುಂದೆ ಒಂದು ಫಲಕ. ಸಪ್ನಾ ಓದುತ್ತ ಹೋದಳು: "ಬೀಸಿದವರು ಮಾಯವ್ವ, ಅಂಕಲಗಿ..." ಒಂದು ಕಡೆ ತಡೆದು ನಿಂತಳು. "ಅತ್ತಿ, ಇದು ನಮ್ಮದು. ಬೀಸಿದವರು ಶೆಟ್ಟೆವ್ವ, ಆಕಿ ಸೊಸಿ ಫಕೀರವ್ವ, ಕುಲಗೋಡ."

ಅತ್ತೆ ಶೆಟ್ಟೆವ್ವ ಕುರಿಗಳ ಹಿಂದೆಯೇ ಬದುಕು ಸವೆಸಿ ಸತ್ತವಳು. ಅವಳ ಹೆಸರನ್ನು ಯಾರಾದರೂ ಬರೆದದ್ದನ್ನು ಫಕೀರವ್ವ ಕಂಡಿರಲಿಲ್ಲ. ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಕುಂದರ್ರಿ ಅಕ್ಕಾರ," ಅಂದ ಸೋಮಲಿಂಗ, ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಸುರಿದು.

ಕೂತಳು. ಒಂದು ಕಾಲು ಚಾಚಿ, ಒಂದು ಮಡಚಿ ಗೂಟ ಹಿಡಿದಳು. ಎರಡು ಸುತ್ತು ಕಲ್ಲಿನ ಸದ್ದಷ್ಟೇ. ಮೂರನೆಯದಕ್ಕೆ ಎದೆಯೊಳಗಿಂದ ಏನೋ ಮೇಲೆದ್ದು ಬಂತು:

ಬೆಳ್ಳಿ ಮೂಡುವ ಹೊತ್ತ ಬಿಳಿಜ್ವಾಳ ತಿರುವೇನ
ಹಳ್ಳದಾಚಿ ತವರ ಕೇಳಲಿ, ನನ ದನಿಯ
ಎಳ್ಳಷ್ಟು ನೋವ ಇರದ್ಹಂಗ

ಹಿಂದೆಯೇ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಹಿಟ್ಟು ಬೆಳ್ಳಗೆ ಸುತ್ತಲೂ ಉದುರುತ್ತಿತ್ತು. ಸಪ್ನಾ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಹದಿನೈದು ವರ್ಷದಲ್ಲಿ ಅತ್ತೆ ಗುನುಗಿದ್ದನ್ನೂ ಅವಳು ಕೇಳಿರಲಿಲ್ಲ. ಸಾಹುಕಾರ ಬರಿ ನೆಲದ ಮೇಲೆ ಕೂತು ಕಣ್ಣು ಮುಚ್ಚಿದ್ದ.

ಉಸಿರಿಗೆ ನಿಂತಾಗ ಫಕೀರವ್ವ ಕೇಳಿದಳು, "ನಿಮ್ಮವ್ವನ ಹಾಡ ಇದ ಏನ್ರಿ?"

"ಗೊತ್ತಿಲ್ರಿ," ಅಂದ. ಅವನ ಗಲ್ಲ ಒದ್ದೆಯಾಗಿತ್ತು. "ಇನ್ನೊಂದ ಹಾಡ್ರಿ."

ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದು ಹಾಡು ಆಗಿದ್ದವು. ಎಣಿಸಿದವಳು ಸಪ್ನಾ. ಫಕೀರವ್ವ ತನ್ನ ಕೈಗಳನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡಳು. "ಯವ್ವಾ, ಇಷ್ಟ ದಿನ ಈ ಹಾಡ ಎಲ್ಲಿ ಕುಂತಿದ್ವು?" ಅಂದಳು. ಮತ್ತೆ ಜೋಳಕ್ಕೆ ಕೈ ಚಾಚಿದಳು.