ಬ್ರೋಕನ್ ಹಿಲ್‌ನಲ್ಲೊಂದು ಕಡಲ ಮನೆ

ಗ್ಲೆನಿಸ್ ಟ್ರೆಂಬಾತ್‌ಗೆ ಅರವತ್ತು ದಾಟಿದ ಮೇಲೆ ಕಡಲಿನ ಹುಚ್ಚು ಹಿಡಿಯಿತು. ಅವಳಿದ್ದದ್ದು ಬ್ರೋಕನ್ ಹಿಲ್ ಎಂಬ ಗಣಿಯ ಊರಿನಲ್ಲಿ. ಎತ್ತ ನೋಡಿದರೂ ಕೆಂಪು ನೆಲ, ಕುರುಚಲು ಗಿಡ. ಸಮುದ್ರ ನೋಡಬೇಕೆಂದರೆ ಅರ್ಧ ದಿನ ಕಾರು ಓಡಿಸಬೇಕು. ಆದರೆ ಮನೆ ಅಲಂಕಾರದ ಪತ್ರಿಕೆಯೊಂದರಲ್ಲಿ ಕಡಲ ದಂಡೆಯ ಬೆಳ್ಳನೆಯ ಮನೆಗಳನ್ನು ನೋಡಿದ್ದೇ ತಡ, ತನ್ನ ತಗಡಿನ ಮನೆಯೂ ಹಾಗೇ ಆಗಬೇಕೆಂದು ಹಟ ಹಿಡಿದಳು.

ಗೋಡೆಗೆಲ್ಲ ಬಿಳಿ ಬಳಿದಾಯಿತು. ಹಳೆಯ ಕಂದು ಸೋಫಾ ಹೋಗಿ ಬಿಳಿಯದು ಬಂತು. ಬಿಳಿ ಪರದೆ, ಬಿಳಿ ಜಮಖಾನ, ಬುಟ್ಟಿ ತುಂಬ ಕಪ್ಪೆಚಿಪ್ಪು, ಮೂಲೆಯಲ್ಲಿ ಸುರುಳಿ ಸುತ್ತಿಟ್ಟ ಹಡಗಿನ ಹಗ್ಗ. ಗೋಡೆಯ ಮೇಲೆ ಒಂದು ಜೊತೆ ಹುಟ್ಟು.

ಗಂಡ ಮರ್ವ್ ಗಣಿಯಲ್ಲಿ ದುಡಿದು ನಿವೃತ್ತನಾದವನು. ಹುಟ್ಟುಗಳನ್ನು ಬಹಳ ಹೊತ್ತು ನೋಡಿದ.

"ಹುಟ್ಟೇನೋ ಬಂತು. ದೋಣಿ ಯಾವಾಗ ಬರುತ್ತೆ?"

"ನಿಂಗಿದೆಲ್ಲ ಅರ್ಥ ಆಗಲ್ಲ. ಕಾಲೆತ್ತು, ಜಮಖಾನದ ಮೇಲಿದೆ."

"ಮತ್ತೆ ಕಾಲೆಲ್ಲಿ ಇಡ್ಲಿ?"

"ಹಿತ್ತಿಲಲ್ಲಿ ನಿನ್ನ ಶೆಡ್ಡಿದೆಯಲ್ಲ, ಅಲ್ಲಿಡು."

ಅವನ ಕೆಂಪು ಸ್ವೆಟರ್ ಮನೆಯ ಬಣ್ಣಕ್ಕೆ ಹೊಂದುವುದಿಲ್ಲವೆಂದು ಅದನ್ನು ಹೊಸಿಲಾಚೆಯೇ ಕಳಚಿಡಬೇಕೆಂಬ ಕಾನೂನು ಬಂತು. ಸೋಫಾದ ಮೇಲೆ ಟವೆಲ್ ಹಾಸಿಕೊಂಡೇ ಕೂರಬೇಕು.

ಗ್ಲೆನಿಸ್ ಮನೆಯ ಫೋಟೋಗಳನ್ನು ಪತ್ರಿಕೆಗೆ ಕಳಿಸಿದಳು. ಅಲ್ಲಿಂದ ಇಮೋಜೆನ್ ಎಂಬಾಕೆ ಫೋನ್ ಮಾಡಿ, ಫೋಟೋಗ್ರಾಫರ್ ಜೊತೆ ತಾನೇ ಸಿಡ್ನಿಯಿಂದ ಬರುವುದಾಗಿ ಹೇಳಿದಳು. ಸುದ್ದಿ ಊರಿಗೆಲ್ಲ ಹಬ್ಬಿತು, ಹಬ್ಬಿಸಿದವಳೂ ಗ್ಲೆನಿಸ್ಸೇ.

ಅವರು ಬರುವ ದಿನ ಕೂದಲು ಸೆಟ್ ಮಾಡಿಸಿಕೊಳ್ಳಲು ಹೊರಟವಳು ಗಂಡನತ್ತ ಬೆರಳು ತೋರಿಸಿದಳು. "ಏನೂ ಮುಟ್ಬೇಡ. ಉಸಿರಾಡೋದಾದ್ರೂ ಮೆಲ್ಲಗೆ ಆಡು."

ಮರ್ವ್ ಏನೂ ಮುಟ್ಟಲಿಲ್ಲ. ಹಸಿವಾಯಿತೆಂದು ನಾಲ್ಕು ಸಾಸೇಜ್ ಬಾಣಲೆಗೆ ಹಾಕಿದ, ಅಷ್ಟೇ. ಟೀವಿಯಲ್ಲಿ ಫುಟ್‌ಬಾಲ್ ನೋಡುತ್ತ ಅದನ್ನು ಮರೆತ. ಮನೆಯೆಲ್ಲ ಹೊಗೆ. ಗಾಬರಿಯಾಗಿ ಇದ್ದಬದ್ದ ಕಿಟಕಿಗಳನ್ನೆಲ್ಲ ತೆರೆದು, ಕರಕಲು ಬಾಣಲೆ ಬಚ್ಚಿಡಲು ಶೆಡ್ಡಿಗೆ ಓಡಿದ. ಅದೇ ಹೊತ್ತಿಗೆ ಪಶ್ಚಿಮದಿಂದ ಕೆಂಧೂಳಿನ ಬಿರುಗಾಳಿ ಎದ್ದು, ಊರನ್ನೊಮ್ಮೆ ಮುಕ್ಕಳಿಸಿ ಉಗಿದು ಹೋಯಿತು.

ಗ್ಲೆನಿಸ್ ಬಂದು ನೋಡುತ್ತಾಳೆ: ಸೋಫಾ, ಪರದೆ, ಗೋಡೆ, ಚಿಪ್ಪು, ಎಲ್ಲದರ ಮೇಲೂ ನುಣ್ಣನೆಯ ಕೆಂಪು ಪುಡಿ.

"ಮರ್ವ್!"

ಆ ಕೂಗಿಗೆ ಪಕ್ಕದ ಮನೆಯ ನಾಯಿ ಮಂಚದಡಿ ಸೇರಿತು.

"ಹೊಗೆ ಹೋಗ್ಲಿ ಅಂತ ಕಿಟಕಿ ತೆಗ್ದೆ, ಚಿನ್ನಾ."

"ಹೋಯ್ತಾ ಹೊಗೆ?"

"ಪೂರ್ತಿ ಹೋಯ್ತು."

ಬಾಗಿಲ ಗಂಟೆ ಸದ್ದು ಮಾಡಿತು. ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟ ಇಮೋಜೆನ್ ಫೋಟೋಗ್ರಾಫರ್ ಜೊತೆ ಒಳಗೆ ಬಂದು ಬಾಯಿ ತೆರೆದು ನಿಂತಳು.

"ಅಯ್ಯೋ ದೇವರೇ, ಈ ಬಣ್ಣ!"

ಗ್ಲೆನಿಸ್ ಕಣ್ಣು ಮುಚ್ಚಿಕೊಂಡಳು.

"ಎಷ್ಟು ಚೆನ್ನಾಗಿದೆ! ನೀವು ಕಳಿಸಿದ ಫೋಟೋದಲ್ಲಿ ಇರ್ಲಿಲ್ವಲ್ಲ?"

"ಈಗ ತಾನೇ ಬಳಿದು ಹೋದ," ಎಂದ ಮರ್ವ್, ಮುಖ ಗಂಭೀರ ಮಾಡಿಕೊಂಡು. "ನಮ್ಮೂರಿನವನೇ. ಕರೆಯದಿದ್ರೂ ಬರ್ತಾನೆ."

"ಅವರ ನಂಬರ್ ಕೊಡ್ತೀರಾ?"

ಗ್ಲೆನಿಸ್ ಗಂಡನ ತೋಳು ಚಿವುಟಿದಳು. ಅಷ್ಟರಲ್ಲಿ ಫೋಟೋಗ್ರಾಫರ್ ಜೋರಾಗಿ ಸೀನಿದ. ಧೂಳು ಹಾರಿ ಕಪಾಟಿನ ಮೇಲೆ ಅಂಗೈಯಗಲದ ಬಿಳಿ ತೇಪೆ ಕಾಣಿಸಿತು. ಗ್ಲೆನಿಸ್ ಹಾರಿ ಹೋಗಿ ಅಲ್ಲಿ ಚಿಪ್ಪಿನ ಬುಟ್ಟಿ ಇಟ್ಟಳು. ಅವನು ಮೇಜಿನತ್ತ ತಿರುಗಿ ಇನ್ನೊಮ್ಮೆ ಸೀನಿದ. ಅಲ್ಲಿಗೆ ಹಗ್ಗ ಎಳೆದು ತಂದಳು. ಮೂರನೆಯದಕ್ಕೆ ಅವನು ಮೂಗು ಹಿಗ್ಗಿಸುತ್ತಿದ್ದಂತೆ, ಪ್ರಯಾಣದಿಂದ ಸುಸ್ತಾದ ಇಮೋಜೆನ್ ಸೋಫಾದ ಮೇಲೆ ಕೂತು ಎದ್ದಳು.

ಸೋಫಾದ ಮೇಲೆ ಎರಡು ಬಿಳಿ ಚಂದ್ರ. ಅವಳ ಕಪ್ಪು ಪ್ಯಾಂಟಿನ ಹಿಂದೆ ಎರಡು ಕೆಂಪು ಚಂದ್ರ.

ಗ್ಲೆನಿಸ್‌ಗೆ ಅಳು ಬರಬೇಕಿತ್ತು, ಬಂದದ್ದು ನಗು. ಹೊಟ್ಟೆ ಹಿಡಿದುಕೊಂಡು, "ಅದು ಧೂಳು ಕಣ್ರೀ, ಬರೀ ಧೂಳು! ನಮ್ಮನೆಯವನು ಸಾಸೇಜ್ ಸುಟ್ಟ!" ಎಂದಳು.

ಇಮೋಜೆನ್ ತನ್ನ ಹಿಂಭಾಗ ನೋಡಿಕೊಳ್ಳಲು ನಿಂತಲ್ಲೇ ಮೂರು ಸುತ್ತು ತಿರುಗಿದಳು. ಕಂಡಾಗ ಅವಳೂ ನಕ್ಕಳು. "ಯಾರೂ ಒರೆಸ್ಬೇಡಿ! ನೀವಿಬ್ರೂ ಕೂತ್ಕೊಳ್ಳಿ. ಅಣ್ಣಾ, ಹೊರಗೆ ಬಿದ್ದಿದೆಯಲ್ಲ ಸ್ವೆಟರ್, ಅದನ್ನೇ ಹಾಕ್ಕೊಂಡು ಬನ್ನಿ."

ಮರ್ವ್ ಟವೆಲ್ಲಿಲ್ಲದೆ ಕೂತ. ಕಾಲನ್ನೂ ಜಮಖಾನದ ಮೇಲೆ ಚಾಚಿದ. ಗ್ಲೆನಿಸ್ ಅವನ ಹೆಗಲಿಗೆ ಒರಗಿದಳು.

ಫೋಟೋ ಪತ್ರಿಕೆಯಲ್ಲಿ ಪುಟ ತುಂಬ ಬಂತು. ಅಡಿಲೇಡಿನಿಂದೊಬ್ಬಾಕೆ ಆ ಬಣ್ಣದ ಹೆಸರು ಕೇಳಿ ಫೋನ್ ಮಾಡಿದಳು.

"ಒಂದು ಡಬ್ಬಿ ಕಳಿಸ್ಲಾ ಮೇಡಂ?" ಎನ್ನುತ್ತಿದ್ದ ಮರ್ವ್. "ಮುಚ್ಚಳ ತೆಗ್ದು ಫ್ಯಾನ್ ಹಾಕಿದ್ರಾಯ್ತು."

ಗ್ಲೆನಿಸ್‌ಗೆ ಅದು ಕೇಳಿಸಲೇ ಇಲ್ಲ. ತಮ್ಮ ಫೋಟೋದ ಎದುರು ಪುಟದಲ್ಲಿದ್ದ ಹಿಮಬೆಟ್ಟದ ಮರದ ಮನೆಯನ್ನೇ ನೋಡುತ್ತಿದ್ದಳು: ದಿಮ್ಮಿಯ ಗೋಡೆ, ಕರಡಿ ಬಣ್ಣದ ಕಂಬಳಿ, ಅಗ್ಗಿಷ್ಟಿಕೆಯ ಮೇಲಿನ ಗೋಡೆಗೆ ಜಿಂಕೆಯ ಕೊಂಬು.

"ಮರ್ವ್, ನಮ್ಮನೇಲಿ ಗರಗಸ ಇದೆಯಾ?"

ಮರ್ವ್ ಫೋನ್ ಕೆಳಗಿಟ್ಟು, ಏನೂ ಕೇಳಿಸದವನ ಹಾಗೆ, ಶೆಡ್ಡಿನಲ್ಲಿದ್ದ ಗರಗಸ ಬಚ್ಚಿಡಲು ಹಿತ್ತಿಲ ಬಾಗಿಲಿನತ್ತ ನಡೆದ.